ಹಾಜರಿ ಪುಸ್ತಕ ಮಾತಾಡಲಿ: ಶಾಲೆಯವರಿಗೆ ಅಂಕಿಸಂಖ್ಯೆಯ ಸಂಶೋಧನೆಯ ಮೊದಲ ಪಾಠ

ನಮ್ಮ ತೊರಗಲ್ ನಾಡಿನ ಹೆಸರಿನಲ್ಲೇ ಒಂದು ಸಂಖ್ಯೆ ಇತ್ತು. ಹಳೆಯ ಶಾಸನಗಳಲ್ಲಿ ಈ ಸೀಮೆಯನ್ನು ತೊರಗಲೆ 6000 ಎಂದು ಕರೆದಿದ್ದಾರೆ. ನೆರೆಯ ನಾಡುಗಳ ಹೆಸರೂ ಹಾಗೆಯೇ. ಸವದತ್ತಿಯ ರಟ್ಟರು ಆಳಿದ್ದು ಕೂಂಡಿ 3000, ಪಶ್ಚಿಮದ ಕಾಡಿನ ಕಡೆಯದು ಹಲಸಿಗೆ 12000, ಗದಗದ ಕಡೆಯದು ಬೆಳ್ವೊಲ 300. ಈ ಆರು ಸಾವಿರ ಯಾವುದರ ಲೆಕ್ಕ? ಹಳ್ಳಿಗಳದೋ, ಕಂದಾಯದ ಮೊತ್ತದ್ದೋ, ಇನ್ನಾವುದರದ್ದೋ ಎಂದು ಇತಿಹಾಸಕಾರರು ಇಂದಿಗೂ ಚರ್ಚೆ ಮಾಡುತ್ತಾರೆ. ಕಲ್ಲಿನಲ್ಲಿ ಕೆತ್ತಿಸಿದವರಿಗೆ ಅದು ಗೊತ್ತಿತ್ತು. ಏನನ್ನು ಎಣಿಸಿದೆವು ಎಂದು ಅವರು ಬರೆದಿಡಲಿಲ್ಲ, ಅಷ್ಟೇ. ಸಂಖ್ಯೆ ಉಳಿಯಿತು, ಅರ್ಥ ಕಳೆಯಿತು.

ಹೊಸದಾಗಿ ಬಂದ ಶಿಕ್ಷಕರಿಗೆ ನಾನು ಮೊದಲು ಈ ಕಥೆಯನ್ನೇ ಹೇಳುತ್ತೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವ ಸಾಲಿಗೆ ಹೋದರೂ ದಿನಾ ಸಂಖ್ಯೆಗಳನ್ನೇ ಬರೆಯುತ್ತಿರುತ್ತಾರೆ. ದಾಖಲಾತಿ ಎಷ್ಟು, ಹಾಜರಿ ಎಷ್ಟು, ಬಿಸಿಯೂಟ ಉಂಡವರು ಎಷ್ಟು, ಮೊಟ್ಟೆ ತಿಂದವರು ಎಷ್ಟು, ಬಾಳೆಹಣ್ಣು ತಗೊಂಡವರು ಎಷ್ಟು. ಎಸ್‌ಎಟಿಎಸ್ ತಂತ್ರಾಂಶಕ್ಕೆ ಒಂದಿಷ್ಟು, ಯುಡೈಸ್ ನಮೂನೆಗೆ ಇನ್ನೊಂದಿಷ್ಟು. ಈ ಲೆಕ್ಕವೆಲ್ಲ ಸಾಲಿಯಿಂದ ಸಿಆರ್‌ಪಿಗೆ, ಅಲ್ಲಿಂದ ಬಿಇಒ ಕಚೇರಿಗೆ, ಬೆಳಗಾವಿಗೆ, ಬೆಂಗಳೂರಿಗೆ ಹತ್ತಿಕೊಂಡು ಹೋಗುತ್ತದೆ. ಬರೆದ ಮಾಸ್ತರ ಕೈಗೆ ಅದು ಮರಳಿ ಬರುವುದು ಬಹಳ ಕಡಿಮೆ. ಆ ಲೆಕ್ಕ ಮೊದಲು ಬರೆದವರಿಗೇ ಸೇರಿದ್ದು, ಮಕ್ಕಳನ್ನು ತಿಳಿಯಲಿಕ್ಕೆ ಅವರಿಗೇ ಅದು ಹೆಚ್ಚು ಬೇಕಾದದ್ದು ಎಂಬುದು ನನ್ನ ಮಾತು. ಈ ಲೇಖನವಿಡೀ ಆ ಒಂದು ಮಾತಿಗಾಗಿಯೇ.

ಬಿ.ಎಡ್. ಪುಸ್ತಕದಲ್ಲಿ ಇದಕ್ಕೆ ‘ಪರಿಮಾಣಾತ್ಮಕ ಸಂಶೋಧನೆ’ ಎಂಬ ದೊಡ್ಡ ಹೆಸರಿದೆ. ಹೆಸರು ಕೇಳಿ ಹೆದರಬೇಡಿ. ಒಂದು ಪ್ರಶ್ನೆ ಕೇಳಿಕೊಳ್ಳುವುದು, ಅದಕ್ಕೆ ಉತ್ತರ ಕೊಡಬಲ್ಲ ಸಂಗತಿಯನ್ನು ಒಂದೇ ಅಳತೆಗೋಲಿನಿಂದ ಎಣಿಸುವುದು, ಎಣಿಸಿದ್ದನ್ನು ಇನ್ನೊಂದರ ಜೊತೆ ಹೋಲಿಸುವುದು, ಬಂದ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ತೂಗಿ ನೋಡುವುದು. ಇಷ್ಟೇ ಅದರ ತಿರುಳು. ಪ್ರಶ್ನೆ ಇಲ್ಲದೆ ಎಣಿಸಿದರೆ ಅದು ವರದಿ. ಪ್ರಶ್ನೆ ಇಟ್ಟುಕೊಂಡು ಎಣಿಸಿದರೆ ಸಂಶೋಧನೆ.

ಕೈಯಲ್ಲಿರುವ ಹಾಜರಿ ಪುಸ್ತಕದಿಂದಲೇ ಸುರು ಮಾಡೋಣ. ಲೆಕ್ಕ ತಿಳಿಯಲೆಂದು ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿ. ಐದನೇ ಇಯತ್ತೆ, 30 ಮಕ್ಕಳು, ತಿಂಗಳಲ್ಲಿ 20 ದಿನ ಸಾಲಿ. ಎಲ್ಲರೂ ಎಲ್ಲ ದಿನ ಬಂದಿದ್ದರೆ 600 ಹಾಜರಿ ಆಗಬೇಕಿತ್ತು, 510 ಆಗಿದೆ. ಅಂದರೆ ಶೇ 85. ಮೇಲೆ ಹೋಗುವುದು ಈ ಶೇ 85 ಒಂದೇ. ನೋಡಿದವರು ಪರವಾಗಿಲ್ಲ ಎನ್ನುತ್ತಾರೆ, ಮುಂದಿನ ಸಾಲಿಗೆ ಹೋಗುತ್ತಾರೆ.

ಈಗ ಪುಸ್ತಕದ ಪುಟ ತೆರೆದು, ಗೈರಾದ ಆ 90 ದಿನಗಳು ಎಲ್ಲಿವೆ ಎಂದು ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ. ಎರಡು ಚಿತ್ರ ಬರಬಹುದು. ಒಂದರಲ್ಲಿ 30 ಮಕ್ಕಳೂ ತಲಾ ಮೂರು ಮೂರು ದಿನ ತಪ್ಪಿಸಿದ್ದಾರೆ. ಕೆಂಪು ಚುಕ್ಕೆಗಳು ಪುಟದ ತುಂಬ ಜೋಳದ ಕಾಳಿನಂತೆ ಚೆಲ್ಲಿವೆ. ಜ್ವರ, ಮದುವೆ, ಜಾತ್ರೆ, ಎಳ್ಳ ಅಮಾವಾಸ್ಯೆಯ ಚರಗ. ಇದು ಊರು ಉಸಿರಾಡುವ ರೀತಿ, ಇದಕ್ಕೆ ಯಾರೂ ಗಾಬರಿಯಾಗಬೇಕಿಲ್ಲ. ಇನ್ನೊಂದು ಚಿತ್ರದಲ್ಲಿ 25 ಮಕ್ಕಳು ಒಂದು ದಿನವೂ ತಪ್ಪಿಸಿಲ್ಲ, ಐದು ಮಕ್ಕಳು ತಲಾ 18 ದಿನ ತಪ್ಪಿಸಿದ್ದಾರೆ. ಪುಟ ಸ್ವಚ್ಛವಾಗಿದೆ, ಐದು ಹೆಸರುಗಳ ಮುಂದೆ ಮಾತ್ರ ಉದ್ದಕ್ಕೂ ಕೆಂಪು. ಆ ಐವರು ಸಾಲಿ ಬಿಟ್ಟೇಬಿಟ್ಟಿದ್ದಾರೆ, ಹೆಸರು ಕಡಿಮೆಯಾಗಿಲ್ಲ ಅಷ್ಟೇ. ಎರಡೂ ಚಿತ್ರದಲ್ಲಿ ಹಾಜರಿ ಶೇ 85. ಒಂದಕ್ಕೆ ಏನೂ ಮಾಡಬೇಕಿಲ್ಲ. ಇನ್ನೊಂದಕ್ಕೆ ಇವತ್ತೇ ಸಂಜೆ ಐದು ಮನೆಗಳಿಗೆ ಹೋಗಬೇಕು.

ಸರಾಸರಿ ಎಂಬುದು ಹೀಗೆ ಮಕ್ಕಳನ್ನು ಮರೆಮಾಡುತ್ತದೆ. ಅದು ಕೆಟ್ಟ ಅಳತೆಯೇನೂ ಅಲ್ಲ, ಒಂಟಿಯಾಗಿ ಬಿಡಬಾರದ ಅಳತೆ. ಅದರ ಜೊತೆಗೆ ಹರವು ಎಷ್ಟಿದೆ ಎಂದು ಕೇಳಬೇಕು, ಅತಿ ಕಡಿಮೆ ಯಾರದ್ದು, ಅತಿ ಹೆಚ್ಚು ಯಾರದ್ದು, ನಡುವೆ ನಿಂತ ಮಗು ಯಾವುದು ಎಂದು ಕೇಳಬೇಕು. ಮಕ್ಕಳನ್ನು ಅಂಕಗಳ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಮಗುವಿನ ಅಂಕವೇ ಮಧ್ಯಾಂಕ. ಹತ್ತಕ್ಕೆ ಹತ್ತು ತೆಗೆದ ಇಬ್ಬರು ಜಾಣರು ಸರಾಸರಿಯನ್ನು ಮೇಲಕ್ಕೆ ಎಳೆಯಬಲ್ಲರು, ಮಧ್ಯಾಂಕವನ್ನು ಅಷ್ಟು ಸುಲಭವಾಗಿ ಎಳೆಯಲಾರರು. ಬಹುಪಾಲು ಮಕ್ಕಳು ಎಲ್ಲಿದ್ದಾರೆ ಎಂದು ತಿಳಿಯಬೇಕಾದ ಮಾಸ್ತರರಿಗೆ ಮಧ್ಯಾಂಕವೇ ಹೆಚ್ಚು ನಂಬಿಕೆಯ ಗೆಳೆಯ.

ಒಂದು ಪ್ರಸಂಗ ಹೇಳಬೇಕು. ಮಲಪ್ರಭೆಯ ದಂಡೆಯ ಕಡೆಯ ಒಂದು ಸಾಲಿಯಲ್ಲಿ ಸಮಾಲೋಚನಾ ಸಭೆ ಮುಗಿದ ಮೇಲೆ ಹಿರಿಯ ಮಾಸ್ತರೊಬ್ಬರು, ‘ಕಬ್ಬಿನ ಹಂಗಾಮು ಬಂತಂದ್ರ ಅರ್ಧ ಸಾಲಿ ಖಾಲಿ ಆಗ್ತದರೀ, ನಾವೇನು ಮಾಡೂನು?’ ಅಂದರು. ಅವರ ಮಾತಿನಲ್ಲಿ ನೋವಿತ್ತು, ಅನುಭವವೂ ಇತ್ತು. ಪುಸ್ತಕ ತೆಗೆಸಿ, ವಾರವಾರದ ಗೈರನ್ನು ಒಂದು ಹಾಳೆಯ ಮೇಲೆ ಕಡ್ಡಿ ಗೀಚಿದಂತೆ ಏರಿಸುತ್ತ ಹೋದೆವು. ಕಬ್ಬಿನ ಹಂಗಾಮಿನಲ್ಲಿ ಗೈರು ಹೆಚ್ಚಿತ್ತು, ಅವರು ಹೇಳಿದ್ದು ನಿಜವೇ. ಆದರೆ ಗೆರೆ ಏರಲು ಸುರುವಾದದ್ದು ಅದಕ್ಕೂ ಬಹಳ ಮೊದಲು, ಹೆಸರುಕಾಳು ಬಿಡಿಸುವ ಆಗಸ್ಟಿನಲ್ಲಿ. ಸೋಯಾ ರಾಶಿಯ ಹೊತ್ತಿಗೆ ಇನ್ನಷ್ಟು ಏರಿತ್ತು. ಹುಡುಗರು ಹುಡುಗಿಯರನ್ನು ಬೇರೆ ಬೇರೆ ಬಣ್ಣದಲ್ಲಿ ಬರೆದಾಗ, ಆ ಮೊದಲ ಏರಿನಲ್ಲಿ ಹೆಚ್ಚಿದ್ದವರು ಮೇಲಿನ ಇಯತ್ತೆಯ ಹುಡುಗಿಯರು.

ಏಕೆ ಎಂದು ಪುಸ್ತಕ ಹೇಳಲಿಲ್ಲ. ಅದಕ್ಕಾಗಿ ಆ ಮಾಸ್ತರರು ಮನೆಗಳಿಗೆ ಹೋದರು. ತಾಯಂದಿರು ದಿನಗೂಲಿಗೆ ಹೊಲಕ್ಕೆ ಹೋದರೆ ಕೂಸು ನೋಡಿಕೊಳ್ಳಲು ಅಕ್ಕನೇ ಮನೆಯಲ್ಲಿ ನಿಲ್ಲಬೇಕಿತ್ತು. ಅಂದಮೇಲೆ ಸಾಲಿಯವರು ಮಾತಾಡಬೇಕಾದದ್ದು ಅಂಗನವಾಡಿಯ ವೇಳೆಯ ಬಗ್ಗೆ, ಕಬ್ಬಿನ ಟೋಳಿಯ ಬಗ್ಗೆ ಅಲ್ಲ. ಎಲ್ಲಿ ನೋಡಬೇಕು, ಯಾವಾಗ ನೋಡಬೇಕು ಎಂಬುದನ್ನು ಎಣಿಕೆ ತೋರಿಸುತ್ತದೆ. ಅಲ್ಲಿಗೆ ಹೋಗಿ ಕುಳಿತು ಕೇಳಿದಾಗ ಕಾರಣ ತಿಳಿಯುತ್ತದೆ. ಗುಣಾತ್ಮಕ ಸಂಶೋಧನೆ ಎಂದು ಕರೆಯುವುದು ಈ ಎರಡನೆಯದನ್ನು. ಇವೆರಡನ್ನೂ ಜಗಳಕ್ಕೆ ಹಚ್ಚುವವರ ಮಾತಿಗೆ ನೀವು ಕಿವಿಗೊಡಬೇಡಿ. ಇದೇ ರೀತಿ ಸವದತ್ತಿಯ ಯಲ್ಲಮ್ಮನ ಗುಡ್ಡದ ಸುತ್ತಲಿನ ಸಾಲಿಗಳವರು ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳನ್ನು, ಪ್ರತಿ ಮಂಗಳವಾರ ಮತ್ತು ಶುಕ್ರವಾರವನ್ನು ಹಾಜರಿ ಪುಟದಲ್ಲಿ ಗುರುತು ಮಾಡಿ ನೋಡಬಹುದು. ಯಲ್ಲಮ್ಮನ ಜಾತ್ರೆಗೂ ಗೈರಿಗೂ ನಂಟಿದೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ನಂಟು, ಯಾವ ಮಕ್ಕಳಿಗೆ, ಜಾತ್ರೆ ಮುಗಿದ ಮೇಲೆ ಎಷ್ಟು ದಿನಕ್ಕೆ ಮರಳುತ್ತಾರೆ ಎಂಬುದು ಎಣಿಸಿದಾಗಲೇ ತಿಳಿಯುವ ಮಾತು.

ಎಣಿಸುವ ಮೊದಲು ಪದದ ಅರ್ಥ ಗಟ್ಟಿ ಮಾಡಿಕೊಳ್ಳಬೇಕು. ‘ಹಾಜರು’ ಎಂದರೇನು? ಮುಂಜಾನೆ ಬಂದು ಊಟದ ನಂತರ ಮನೆಗೆ ಹೋದ ಮಗು ಹಾಜರೋ ಗೈರೋ? ‘ಓದಲು ಬರುತ್ತದೆ’ ಎಂದರೇನು? ಅಕ್ಷರ ಗುರುತಿಸುವುದೋ, ಒತ್ತಕ್ಷರವಿರುವ ಪದ ಓದುವುದೋ, ಒಂದು ಕಥೆ ಓದಿ ಅದರಲ್ಲಿ ಏನಾಯಿತು ಎಂದು ಹೇಳುವುದೋ? ಒಂದೇ ಸಾಲಿಯ ಇಬ್ಬರು ಶಿಕ್ಷಕರು ಇದಕ್ಕೆ ಎರಡು ಅರ್ಥ ಹಿಡಿದರೆ ಅವರ ಲೆಕ್ಕಗಳನ್ನು ಕೂಡಿಸಲಾಗದು. ಗಡಿ ಬದಲಾದರೂ ಇದೇ ತೊಡಕು. 2011ರ ಜನಗಣತಿಯ ಹೊತ್ತಿಗೆ ಕಿತ್ತೂರು ಬೈಲಹೊಂಗಲ ತಾಲ್ಲೂಕಿನೊಳಗೇ ಇತ್ತು, ಯರಗಟ್ಟಿ ಸವದತ್ತಿಯೊಳಗಿತ್ತು. ಆಗಿನ ಬೈಲಹೊಂಗಲದ ಅಂಕಿಯನ್ನು ಈಗಿನ ಬೈಲಹೊಂಗಲದ ಅಂಕಿಯ ಪಕ್ಕದಲ್ಲಿಟ್ಟು ‘ಇಷ್ಟು ಏರಿತು, ಇಷ್ಟು ಇಳಿಯಿತು’ ಎಂದರೆ ಬೇರೆ ಬೇರೆ ಊರುಗಳನ್ನು ಹೋಲಿಸಿದಂತೆ. ಅದೇ ಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಸಾಕ್ಷರತೆ ಶೇ 73.48 ಎಂದಿದೆ. ಗಂಡಸರದ್ದು ಶೇ 82ರಷ್ಟು, ಹೆಂಗಸರದ್ದು ಶೇ 64ರಷ್ಟು. ಮೊದಲಿನ ಒಂದು ಅಂಕಿ ಮುಚ್ಚಿಟ್ಟದ್ದನ್ನು ಒಡೆದ ಎರಡು ಅಂಕಿಗಳು ಹೇಗೆ ತೆರೆದು ತೋರಿಸುತ್ತವೆ ನೋಡಿ.

ಅಳತೆಗೋಲು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕಿಂತ ದೊಡ್ಡ ಪಾಠ ಬೇಡ. 2021ರಲ್ಲಿ ಕೋವಿಡ್ ಕಾರಣದಿಂದ ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ ಎರಡೇ ದಿನ ನಡೆಯಿತು, ಹೆಚ್ಚುಕಡಿಮೆ ಬರೆದವರೆಲ್ಲ ಪಾಸಾದರು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಅದು ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ಇಷ್ಟು ಹಿಂದೆ ಬಿದ್ದರೇ? ಶಿಕ್ಷಕರು ಕಲಿಸುವುದನ್ನು ಬಿಟ್ಟರೇ? ಆ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಡಲಾಯಿತು. ಫಲಿತಾಂಶ ತೀರಾ ಕುಸಿಯಿತೆಂದು ಕೃಪಾಂಕವನ್ನೂ ಹೆಚ್ಚಿಸಲಾಯಿತು. ಒಂದು ಬದಲಾವಣೆ ಅಂಕಿಯನ್ನು ಕೆಳಕ್ಕೆ ತಳ್ಳಿತು, ಇನ್ನೊಂದು ಮೇಲಕ್ಕೆತ್ತಿತು. ಹೀಗಿರುವಾಗ ‘ನಮ್ಮ ಸಾಲಿ ಕಳೆದ ವರ್ಷಕ್ಕಿಂತ ಹತ್ತು ಅಂಶ ಇಳಿದಿದೆ’ ಎಂದು ಮುಖ್ಯಗುರುಗಳನ್ನು ಸಭೆಯಲ್ಲಿ ಎದ್ದು ನಿಲ್ಲಿಸುವುದು ನ್ಯಾಯವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ರಾಜ್ಯವೆಲ್ಲ ಹತ್ತು ಅಂಶ ಇಳಿದಾಗ ಈ ಸಾಲಿ ಎಷ್ಟು ಇಳಿಯಿತು? ನಾಲ್ಕೇ ಅಂಶ ಇಳಿದಿದ್ದರೆ ಆ ಸಾಲಿಯಲ್ಲಿ ಏನೋ ಒಳ್ಳೆಯದು ನಡೆಯುತ್ತಿದೆ, ಹೋಗಿ ನೋಡಬೇಕು.

ಹೋಲಿಕೆ ಎಂಬ ಮಾತು ಬಂತು. ಇಡೀ ವಿಷಯದ ಎದೆಗೂಡು ಇದೇ, ಸ್ವಲ್ಪ ನಿಧಾನವಾಗಿ ಹೋಗೋಣ.

ಸೇತುಬಂಧ ನಮಗೆಲ್ಲ ಗೊತ್ತು. ವರ್ಷದ ಮೊದಲಿಗೆ ಪೂರ್ವ ಪರೀಕ್ಷೆ, ಕೆಲವು ವಾರ ಕಲಿಕೆ, ಆಮೇಲೆ ಸಾಫಲ್ಯ ಪರೀಕ್ಷೆ. ಕರ್ನಾಟಕದ ಪ್ರತಿ ಸಾಲಿಯೂ ತನಗೆ ಗೊತ್ತಿಲ್ಲದೆಯೇ ಒಂದು ಸಂಶೋಧನೆಯ ಅರ್ಧವನ್ನು ಪ್ರತಿ ವರ್ಷ ಮಾಡುತ್ತದೆ. ಉಳಿದರ್ಧ ಯಾವುದು? ಮತ್ತೆ ಒಂದು ಕಲ್ಪಿತ ಲೆಕ್ಕ ಹಾಕೋಣ. ‘ಎ’ ವಿಭಾಗದ ಮಾಸ್ತರರು ದಿನಾ ಅರ್ಧ ಗಂಟೆ ಮಕ್ಕಳಿಂದ ಜೋರಾಗಿ ಓದಿಸುವ ಪದ್ಧತಿ ಸುರು ಮಾಡಿದರು. ಹತ್ತಕ್ಕೆ 4 ಇದ್ದ ಸರಾಸರಿ 6 ಆಯಿತು. ಎರಡು ಅಂಕ ಏರಿತು ಎಂದು ಅವರಿಗೆ ಸಂತೋಷ. ಓದಿಸುವ ಅರ್ಧ ಗಂಟೆ ಇಲ್ಲದ ‘ಬಿ’ ವಿಭಾಗವೂ 4ರಲ್ಲೇ ಇತ್ತು, ಅದೂ 5.5ಕ್ಕೆ ಬಂದಿತ್ತು. ರಜೆಯ ಮಂಪರು ಹರಿದು ಮಕ್ಕಳು ಮತ್ತೆ ಪುಸ್ತಕಕ್ಕೆ ಹೊಂದಿಕೊಂಡರೆ ಸಹಜವಾಗಿಯೇ ಇಷ್ಟು ಏರುತ್ತದೆ. ಹಾಗಾದರೆ ಜೋರಾಗಿ ಓದಿಸಿದ್ದರಿಂದ ಬಂದದ್ದು ಎರಡು ಅಂಕವಲ್ಲ, ಅರ್ಧ ಅಂಕ. ಅದೂ ಸಣ್ಣದೇನಲ್ಲ, ಆದರೆ ಅದು ಅರ್ಧ. ‘ಬಿ’ ವಿಭಾಗವನ್ನು ನೋಡದಿದ್ದರೆ ಈ ಸತ್ಯ ತಿಳಿಯುತ್ತಲೇ ಇರಲಿಲ್ಲ.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಪೂರ್ವ ಪರೀಕ್ಷೆಯಲ್ಲಿ ತೀರ ಕೆಳಗಿದ್ದ ಹತ್ತು ಮಕ್ಕಳನ್ನು ಮಾತ್ರ ಆರಿಸಿ ವಿಶೇಷ ತರಗತಿ ಮಾಡಿದರೆ ಅವರು ಸಾಮಾನ್ಯವಾಗಿ ಸ್ವಲ್ಪ ಏರುತ್ತಾರೆ, ತರಗತಿ ಮಾಡದಿದ್ದರೂ ಏರುತ್ತಿದ್ದರು. ಆ ದಿನ ಒಬ್ಬನಿಗೆ ಜ್ವರ ಇದ್ದಿರಬಹುದು, ಒಬ್ಬಳ ಮನೆಯಲ್ಲಿ ರಾತ್ರಿ ಜಗಳ ಆಗಿರಬಹುದು. ಎರಡನೆಯ ಸಲ ಆ ಕೆಟ್ಟ ದಿನ ಇರುವುದಿಲ್ಲ. ಆದ್ದರಿಂದ ಕೆಳಗಿನ ಹತ್ತು ಮಕ್ಕಳ ಏರಿಕೆಯನ್ನು ಅಂಥವೇ ಬೇರೆ ಹತ್ತು ಮಕ್ಕಳ ಜೊತೆ ಹೋಲಿಸಬೇಕು.

ನಮ್ಮ ಸೀಮೆಗೆ ದೂರವಲ್ಲದ ಒಂದು ನಿಜ ಉದಾಹರಣೆಯಿದೆ. ಬಿಸಿಯೂಟದಲ್ಲಿ ಮೊಟ್ಟೆ ಕೊಡಬೇಕೋ ಬೇಡವೋ ಎಂಬ ವಾದ ನಮ್ಮ ರಾಜ್ಯದಲ್ಲಿ ವರ್ಷಗಟ್ಟಲೆ ನಡೆಯಿತು. ನಂಬಿಕೆ, ಜಾತಿ, ರಾಜಕೀಯ ಎಲ್ಲವೂ ಅದರಲ್ಲಿ ಸೇರಿದವು. 2021ರ ಡಿಸೆಂಬರಿನಲ್ಲಿ ಯಾದಗಿರಿ ಸೇರಿ ಕೆಲವು ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡಲು ಸುರು ಮಾಡಿದರು. ಗದಗ ಜಿಲ್ಲೆಯಲ್ಲಿ ಆಗ ಅದು ಇರಲಿಲ್ಲ. ಗದಗದಲ್ಲಿರುವ ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಯಾದಗಿರಿಯ ಮಕ್ಕಳನ್ನೂ ಗದಗದ ಮಕ್ಕಳನ್ನೂ ತೂಗಿ ನೋಡಿದರು. ಮೊಟ್ಟೆ ಸಿಕ್ಕ ಕಡೆಯ ಮಕ್ಕಳ ತೂಕ ಹೆಚ್ಚು ಏರಿತ್ತು. 2022ರಲ್ಲಿ ಯೋಜನೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿತು. ಇವತ್ತು ರಾಮದುರ್ಗದ ಒಂದು ಹಳ್ಳಿ ಸಾಲಿಯ ಮಗುವಿನ ತಟ್ಟೆಯಲ್ಲಿ ಮೊಟ್ಟೆ ಇದ್ದರೆ, ತಕ್ಕಡಿ ಹಿಡಿದು ಆ ಎರಡು ಜಿಲ್ಲೆಗಳ ಸಾಲಿಗಳಿಗೆ ಹೋದವರ ಶ್ರಮವೂ ಅದರ ಹಿಂದೆ ಇದೆ. ವಾದದಿಂದ ಮುಗಿಯದ ಮಾತಿಗೆ ಅಳತೆ ಒಂದು ನೆಲೆ ಒದಗಿಸಿತು. ನನಗೆ ಈ ವಿಷಯದ ಮೇಲೆ ಇಷ್ಟು ಪ್ರೀತಿ ಇರುವುದು ಇಂಥ ಕಾರಣಕ್ಕೇ.

ಯಾದಗಿರಿಗೂ ಗದಗಕ್ಕೂ ಬೇರೆ ವ್ಯತ್ಯಾಸಗಳಿಲ್ಲವೇ ಎಂದು ನೀವು ಕೇಳಬೇಕು, ಒಳ್ಳೆಯ ಶಿಕ್ಷಕರು ಕೇಳಿಯೇ ಕೇಳುತ್ತಾರೆ. ಇವೆ. ಅದಕ್ಕಾಗಿಯೇ ಇನ್ನೂ ಗಟ್ಟಿಯಾದ ಒಂದು ದಾರಿಯಿದೆ, ಚೀಟಿ ಎತ್ತುವುದು. ಅಮೆರಿಕದ ಟೆನೆಸೀ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ಸುಮಾರು 80 ಸಾಲಿಗಳ 11,000ಕ್ಕೂ ಹೆಚ್ಚು ಚಿಕ್ಕ ಮಕ್ಕಳನ್ನು ಹೀಗೆ ಚೀಟಿ ಎತ್ತಿದಂತೆ ಹಂಚಿದರು. ಕೆಲವರು 13ರಿಂದ 17 ಮಕ್ಕಳಿರುವ ಸಣ್ಣ ತರಗತಿಗೆ, ಉಳಿದವರು 22ರಿಂದ 25 ಮಕ್ಕಳಿರುವ ಮಾಮೂಲಿ ತರಗತಿಗೆ. ಯಾವ ಮಗು ಎಲ್ಲಿಗೆ ಎಂಬುದನ್ನು ತಂದೆ ತಾಯಿಯ ಶಿಫಾರಸ್ಸಾಗಲಿ, ಮಗುವಿನ ಜಾಣತನವಾಗಲಿ ನಿರ್ಧರಿಸಲಿಲ್ಲ, ಅದೃಷ್ಟ ನಿರ್ಧರಿಸಿತು. ಆದ್ದರಿಂದ ಎರಡೂ ಗುಂಪುಗಳಲ್ಲಿ ಬಡವರು, ಜಾಣರು, ತುಂಟರು, ಕಾಯಿಲೆಯವರು ಹೆಚ್ಚುಕಡಿಮೆ ಸಮನಾಗಿ ಹಂಚಿಹೋದರು. ಕೊನೆಗೆ ಸಣ್ಣ ತರಗತಿಯವರು ಓದು, ಗಣಿತ ಎರಡರಲ್ಲೂ ಮುಂದೆ ಬಂದಾಗ, ಅದಕ್ಕೆ ತರಗತಿಯ ಗಾತ್ರವೇ ಕಾರಣ ಎಂದು ಧೈರ್ಯವಾಗಿ ಹೇಳಬಹುದಾಯಿತು. ‘ಎ’ ವಿಭಾಗಕ್ಕೆ ಜಾಣರನ್ನೇ ಹಾಕಿ, ಅಲ್ಲಿ ಹೊಸ ಪದ್ಧತಿ ಸುರು ಮಾಡಿ, ಅದು ಗೆದ್ದಿತು ಎನ್ನುವ ನಮ್ಮ ರೂಢಿಗೆ ಇದು ನೇರ ಮದ್ದು.

ಸಣ್ಣ ಸಾಲಿಗಳವರಿಗೆ ಒಂದು ಸಮಾಧಾನದ ಮಾತು. ಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಎಸ್ಸೆಸ್ಸೆಲ್ಸಿಗೆ ಎಂಟೇ ಮಕ್ಕಳು ಕುಳಿತರು ಎಂದುಕೊಳ್ಳಿ. ಒಬ್ಬ ಹುಡುಗ ಫೇಲಾದರೆ ಫಲಿತಾಂಶ ಶೇ 87.5. ಮುಂದಿನ ವರ್ಷ ಇಬ್ಬರು ಫೇಲಾದರೆ ಶೇ 75. ‘ಹನ್ನೆರಡೂವರೆ ಅಂಶ ಕುಸಿತ’ ಎಂದು ಕಾಗದದ ಮೇಲೆ ಬರುತ್ತದೆ, ಆಗಿದ್ದು ಒಬ್ಬ ಹುಡುಗನ ವ್ಯತ್ಯಾಸ. ಪಟ್ಟಣದ 160 ಮಕ್ಕಳ ಸಾಲಿಯಲ್ಲಿ ಅಷ್ಟೇ ಕುಸಿತವಾಗಬೇಕಾದರೆ ಇಪ್ಪತ್ತು ಮಕ್ಕಳು ಹೆಚ್ಚಾಗಿ ಫೇಲಾಗಬೇಕು. ಆದ್ದರಿಂದಲೇ ಪಟ್ಟಿಯ ತುತ್ತತುದಿಯಲ್ಲೂ ಸಣ್ಣ ಸಾಲಿಗಳು, ತಳದಲ್ಲೂ ಸಣ್ಣ ಸಾಲಿಗಳು ಕಾಣುತ್ತವೆ. ಶೇ 100 ಬಂದಾಗ ಹಾರ ಹಾಕಿ, ಮರುವರ್ಷ ನೋಟಿಸ್ ಕೊಡುವುದು ಎರಡೂ ಅವಸರ. ಸಣ್ಣ ಸಾಲಿಯನ್ನು ಮೂರು ನಾಲ್ಕು ವರ್ಷ ಒಟ್ಟಾಗಿ ನೋಡಿ. ಶೇಕಡಾವಾರು ಬರೆಯುವಾಗ ಪಕ್ಕದಲ್ಲೇ ‘8ರಲ್ಲಿ 6’ ಎಂದೂ ಬರೆಯಿರಿ. ತಾಲ್ಲೂಕಿನ ಪ್ರತಿ ಅಧಿಕಾರಿಯೂ ಈ ಒಂದು ಅಭ್ಯಾಸ ಮಾಡಿಕೊಂಡರೆ ಎಷ್ಟೋ ಮುಖ್ಯಗುರುಗಳು ನಿದ್ದೆ ಮಾಡುತ್ತಾರೆ.

ಮಾದರಿಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಅನ್ನ ಬೆಂದಿದೆಯೋ ಎಂದು ಒಂದಗುಳು ಹಿಚುಕಿ ನೋಡುತ್ತೇವೆ, ಗಡಿಗೆಯನ್ನೆಲ್ಲ ಹಿಚುಕುವುದಿಲ್ಲ. ಗಡಿಗೆಯೊಳಗೆ ಎಲ್ಲ ಕಡೆ ಒಂದೇ ಶಾಖ ಇದ್ದರೆ ಮಾತ್ರ ಆ ಅಗುಳಿನ ಮಾತು ನಿಜ. 2005ರಿಂದ ಪ್ರಥಮ್ ಸಂಸ್ಥೆ ನಡೆಸುವ ಅಸರ್ ಸಮೀಕ್ಷೆ ಗ್ರಾಮೀಣ ಜಿಲ್ಲೆಯೊಂದರಲ್ಲಿ 30 ಹಳ್ಳಿ, ಪ್ರತಿ ಹಳ್ಳಿಯಲ್ಲಿ 20 ಮನೆ ಆರಿಸಿಕೊಂಡು, ಮನೆಗೇ ಹೋಗಿ ಮಕ್ಕಳನ್ನು ಒಬ್ಬೊಬ್ಬರಾಗಿ ಓದಿಸಿ ನೋಡುತ್ತದೆ. ಅಕ್ಷರ, ಪದ, ಒಂದನೇ ಇಯತ್ತೆಯ ವಾಕ್ಯಗಳು, ಎರಡನೇ ಇಯತ್ತೆಯ ಸಣ್ಣ ಕಥೆ, ಆಮೇಲೆ ಕಳೆಯುವ ಲೆಕ್ಕ, ಭಾಗಾಕಾರ. ಆ ಮಾದರಿ ಜಿಲ್ಲೆಯ ಮಾತು ಹೇಳುತ್ತದೆ, ನಿಮ್ಮ ಊರಿನದ್ದಲ್ಲ. ಬೆಳಗಾವಿ ಜಿಲ್ಲೆಯ ಅಂಕಿಯನ್ನು ಸುರೇಬಾನಿನ ನೇಕಾರರ ಓಣಿಯ ಸಾಲಿಗೂ ಕಿತ್ತೂರಿನ ಮಳೆಸೆರಗಿನ ಸಾಲಿಗೂ ಅಂಟಿಸಬೇಡಿ. ಆದರೆ ಅವರ ಅಳತೆಯ ರೀತಿ ಅನುಸರಿಸಲು ಯೋಗ್ಯ. ಒಂದು ಹಾಳೆ, ಒಂದು ಮಗು, ಮೂರು ನಿಮಿಷ. ನಿಮ್ಮ ಊರಿನ ಎಲ್ಲ ಮಕ್ಕಳನ್ನೂ ನೀವೇ ನೋಡಿದರೆ ಮಾದರಿಯ ಗೊಡವೆಯೇ ಇಲ್ಲ.

ಎರಡು ಸಂಗತಿ ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಬಾರದು. ಟ್ಯೂಷನ್ನಿಗೆ ಹೋಗುವ ಮಕ್ಕಳ ಅಂಕ ಹೆಚ್ಚು ಎಂದರೆ, ಟ್ಯೂಷನ್ನಿನಿಂದ ಹೆಚ್ಚೋ, ಟ್ಯೂಷನ್ನಿಗೆ ಹಣ ಕೊಡಬಲ್ಲ ಮನೆಯಲ್ಲಿ ಹುಟ್ಟಿದ್ದರಿಂದ ಹೆಚ್ಚೋ? ವರ್ಷ ವರ್ಷದ ಹೋಲಿಕೆಯಲ್ಲೂ ಹೀಗೆಯೇ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿತು. ಮುಂದಿನ ಮಾರ್ಚಿನಲ್ಲಿ ಕೋವಿಡ್‌ನಿಂದ ಸಾಲಿಗಳೇ ಮುಚ್ಚಿದವು. ಆ ಎರಡು ವರ್ಷಗಳ ಅಂಕಿಯನ್ನು ಬೇರೆ ವರ್ಷಗಳ ಜೊತೆ ಸುಮ್ಮನೆ ಇಟ್ಟು ಶಿಕ್ಷಕರನ್ನು ಅಳೆಯುವವರು ಆ ಮಕ್ಕಳ ಮನೆಯ ಗೋಡೆಗೆ ನೀರು ಎಷ್ಟು ಎತ್ತರ ಏರಿತ್ತು ಎಂಬ ಗುರುತನ್ನು ಮೊದಲು ನೋಡಬೇಕು.

ಈಗ ಆಡಳಿತದವರಿಗೆ ಒಂದು ಮಾತು, ವಿನಯದಿಂದ. ಅಂಕಿಯನ್ನು ಬೆತ್ತ ಮಾಡಿದ ದಿನವೇ ಅದು ಸುಳ್ಳಾಗಲು ಸುರುವಾಗುತ್ತದೆ. ಗೈರು ಹೆಚ್ಚು ಬರೆದ ಮಾಸ್ತರರಿಗೆ ನೋಟಿಸ್ ಹೋದರೆ ಮುಂದಿನ ತಿಂಗಳು ಎಲ್ಲರೂ ಹಾಜರಿರುತ್ತಾರೆ, ಪುಸ್ತಕದಲ್ಲಿ ಮಾತ್ರ. ಆ ಐದು ಮಕ್ಕಳನ್ನು ಹುಡುಕುವ ಕೊನೆಯ ದಾರಿಯೂ ಆಗ ಮುಚ್ಚುತ್ತದೆ. ‘ಸಿ’ ಶ್ರೇಣಿ ಬರೆದರೆ ಬೈಗುಳ ಎಂದಾದರೆ ಸಾಫಲ್ಯ ಪರೀಕ್ಷೆಯಲ್ಲಿ ಯಾರಿಗೂ ‘ಸಿ’ ಬರುವುದಿಲ್ಲ. ಒಬ್ಬ ಬಿಇಒ ಅಥವಾ ಸಿಆರ್‌ಪಿ ತಮ್ಮ ವ್ಯಾಪ್ತಿಯಲ್ಲಿ ಮಾಡಬಹುದಾದ ಅತಿ ದೊಡ್ಡ ಕೆಲಸವೆಂದರೆ, ನಿಜವಾದ ಕೆಟ್ಟ ಅಂಕಿಯನ್ನು ಧೈರ್ಯವಾಗಿ ತಂದವರಿಗೆ ಮೊದಲು ಬೆನ್ನು ತಟ್ಟುವುದು. ಎರಡನೆಯ ಕೆಲಸ, ಮೇಲೆ ಹೋದ ಅಂಕಿಯನ್ನು ಅರ್ಥದೊಂದಿಗೆ ಕೆಳಕ್ಕೆ ಮರಳಿಸುವುದು. ಕ್ಲಸ್ಟರಿನ ಎಲ್ಲ ಸಾಲಿಗಳ ಗೈರಿನ ಗೆರೆಯನ್ನು ಒಂದೇ ಹಾಳೆಯಲ್ಲಿ ಬರೆದು ಸಮಾಲೋಚನಾ ಸಭೆಯಲ್ಲಿ ಹಂಚಿದರೆ, ಪಕ್ಕದೂರಿನಲ್ಲಿ ಸೋಯಾ ರಾಶಿಯ ಹೊತ್ತಿಗೆ ಗೈರು ಏಕೆ ಏರಲಿಲ್ಲ ಎಂದು ಶಿಕ್ಷಕರೇ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ.

ಮಕ್ಕಳ ಮರ್ಯಾದೆ ಮರೆಯಬಾರದು. ಯಾವ ಮಗು ಓದಲಾರದು ಎಂಬ ಪಟ್ಟಿ ಗೋಡೆಗೆ ಅಂಟಿಸುವ ವಸ್ತುವಲ್ಲ, ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ವಸ್ತುವೂ ಅಲ್ಲ. ಹೆಸರುಗಳು ಶಿಕ್ಷಕರ ಕಪಾಟಿನಲ್ಲಿರಲಿ, ಎಣಿಕೆ ಮಾತ್ರ ಹೊರಗೆ ಬರಲಿ. ಮಕ್ಕಳಿಗೆ ಇದು ಪರೀಕ್ಷೆಯಲ್ಲ ಎಂದು ಮೊದಲೇ ಹೇಳಿ. ಹೆದರಿದ ಮಗು ಬರುವ ಅಕ್ಷರವನ್ನೂ ಮರೆಯುತ್ತದೆ, ಆಗ ನೀವು ಅಳೆದದ್ದು ಓದನ್ನಲ್ಲ, ಹೆದರಿಕೆಯನ್ನು.

ಎಲ್ಲಿಂದ ಸುರು ಮಾಡಲಿ ಎಂದು ಕೇಳುವ ಹೊಸ ಶಿಕ್ಷಕರಿಗೆ ನನ್ನ ಕೋರಿಕೆ ಸಣ್ಣದು. ಕಂಪ್ಯೂಟರ್ ಬೇಡ, ಸೂತ್ರಗಳೂ ಸದ್ಯಕ್ಕೆ ಬೇಡ. ಒಂದು ಚೌಕುಳಿ ಹಾಳೆಯ ಪುಸ್ತಕ ತಗೊಳ್ಳಿ. ನಿಮ್ಮನ್ನು ನಿಜಕ್ಕೂ ಕಾಡುವ ಒಂದೇ ಒಂದು ಪ್ರಶ್ನೆಯನ್ನು ಮೊದಲ ಪುಟದಲ್ಲಿ ಬರೆಯಿರಿ. ನಾಲ್ಕನೇ ಇಯತ್ತೆಯ ಎಷ್ಟು ಮಕ್ಕಳಿಗೆ ಒತ್ತಕ್ಷರ ಓದಲು ಬರುತ್ತದೆ, ಯಾವ ಒತ್ತಿನಲ್ಲಿ ಎಡವುತ್ತಾರೆ ಎಂಬಂಥ ಪ್ರಶ್ನೆ ಸಾಕು. ‘ಓದಲು ಬರುವುದು’ ಎಂದರೆ ಏನು ಎಂದು ಅದರ ಕೆಳಗೇ ಬರೆದಿಡಿ, ಮುಂದೆ ಓದುವವರಿಗೆ ಅದು ಆರು ಸಾವಿರದ ಒಗಟಾಗದಿರಲಿ. ತಾರೀಖು ಹಾಕಿ ಇಂದು ಅಳೆಯಿರಿ. ಎರಡು ತಿಂಗಳು ನಿಮಗೆ ಸರಿ ಕಂಡಂತೆ ಕಲಿಸಿ. ಅದೇ ಹಾಳೆ, ಅದೇ ರೀತಿಯಿಂದ ಮತ್ತೆ ಅಳೆಯಿರಿ. ಪಕ್ಕದ ಸಾಲಿಯ ಗೆಳೆಯರೊಬ್ಬರನ್ನು ಅದೇ ಎರಡು ದಿನ ಅದೇ ಹಾಳೆಯಿಂದ ಅಳೆಯಲು ಒಪ್ಪಿಸಿ. ಏರಿಕೆ ಬಾರದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ. ಫಲಿಸದ ಪದ್ಧತಿಯನ್ನು ಪ್ರಾಮಾಣಿಕವಾಗಿ ಬರೆದಿಟ್ಟವರು ಮುಂದಿನ ಮಾಸ್ತರರ ಎರಡು ತಿಂಗಳನ್ನು ಉಳಿಸುತ್ತಾರೆ.

ನಾಳೆ ಮುಂಜಾನೆ ಹಾಜರಿ ಕರೆದ ಮೇಲೆ ಪುಸ್ತಕವನ್ನು ಕೂಡಲೇ ಮುಚ್ಚಬೇಡಿ. ಕಳೆದ ತಿಂಗಳ ಪುಟ ತಿರುವಿ, ಯಾರ ಹೆಸರಿನ ಮುಂದೆ ಉದ್ದಕ್ಕೂ ಗೈರು ಇದೆ ನೋಡಿ, ಸಂಜೆ ಆ ಮನೆಗೆ ಹೋಗಿ ಬನ್ನಿ.